ಗೂಡಿನ ಉಸಿರು

ಶಬ್ದಕೋಶ ಕಚೇರಿ
3 ಫೆಬ್ರುವರಿ 1954

ಪ್ರಿಯ ಅಮೋಸ್,

ಕ್ರಿಸ್‌ಮಸ್‌ಗೆ ಬರಲಿಲ್ಲವೆಂದು ಬೈದು ನೀನು ಬರೆದ ಕಾಗದ ತಲುಪಿತು. ಬೈದದ್ದೆಲ್ಲ ನ್ಯಾಯವಾಗಿಯೇ ಇದೆ, ಒಂದನ್ನು ಬಿಟ್ಟು. ನಾನು ಪುಸ್ತಕದ ಹುಳು ಅಲ್ಲ. ಹುಳುವಾದರೆ ಎಂದಾದರೊಂದು ದಿನ ಪುಸ್ತಕವನ್ನು ತಿಂದು ಮುಗಿಸುತ್ತದೆ. ನಾವು ಇಷ್ಟು ಜನ ವರ್ಷಗಟ್ಟಲೆ ಕೂತು ಹೊಸ ಆವೃತ್ತಿಯಲ್ಲಿ ಇನ್ನೂ 'ಬಿ' ಅಕ್ಷರವನ್ನು ದಾಟಿಲ್ಲ.

ಈ ವಾರ ನನ್ನ ಮೇಜಿಗೆ ಬಂದಿರುವ ಪದ 'ಬ್ರೆತ್'. ಉಸಿರು ಅಂದರೆ ಉಸಿರು, ಅದರಲ್ಲಿ ಬರೆಯುವುದಕ್ಕೇನಿದೆ ಎಂದು ನೀನು ಕೇಳುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸಾವಿರ ವರ್ಷದ ಹಿಂದೆ ನಮ್ಮ ಜನ ಆ ಪದವನ್ನು ಎದೆಯೊಳಗಿನ ಗಾಳಿಗೆ ಬಳಸುತ್ತಲೇ ಇರಲಿಲ್ಲ. ಬ್ರೆತ್ ಅಂದರೆ ಆಗ ವಾಸನೆ. ಬೆಂಕಿಯ ಮೇಲಿಟ್ಟದ್ದರಿಂದ ಏಳುವ ಹಬೆ, ಘಮಲು. ಅದರ ಬೇರು ಸುಡುವುದಕ್ಕೆ, ಕುದಿಸುವುದಕ್ಕೆ ಸೇರಿದ್ದು. ಎದೆಯ ಉಸಿರಿಗೆ ಬೇರೆಯೇ ಒಂದು ಪದವಿತ್ತು, 'ಏದ್ಮ್' ಎಂದು. ಜರ್ಮನರು ಅದರ ಒಡಹುಟ್ಟನ್ನು ಇಂದಿಗೂ ಸಾಕಿಕೊಂಡಿದ್ದಾರೆ. ಇಂಡಿಯಾದ ಸಂಸ್ಕೃತದಲ್ಲಿ ಅದರ ದೂರದ ನೆಂಟನೊಬ್ಬನಿದ್ದಾನೆ, 'ಆತ್ಮ' ಎಂದು ಹೆಸರು. ನಮ್ಮಲ್ಲಿ ಮಾತ್ರ ಆ ದೊಡ್ಡ ಮನೆತನದ ಪದ ಸತ್ತುಹೋಯಿತು. ಒಲೆಯ ಬಳಿಯಿಂದ ಎದ್ದುಬಂದ ಬ್ರೆತ್ ಅದರ ಕುರ್ಚಿಯಲ್ಲಿ ಕೂತುಕೊಂಡಿತು. ಇದನ್ನು ಓದಿ ನನಗೆ ಇಡೀ ದಿನ ಖುಷಿಯಾಗಿತ್ತು. ಹೇಳಿಕೊಳ್ಳಲು ಇಲ್ಲಿ ಯಾರೂ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ವಾಸನೆ ಎಂಬ ಆ ಮೊದಲ ಅರ್ಥದ ಪಕ್ಕದಲ್ಲಿ ಹಳೆಯ ಆವೃತ್ತಿಯವರು ಒಂದು ಪುಟ್ಟ ಕತ್ತಿಯ ಗುರುತು ಹಾಕಿದ್ದಾರೆ. ನಮ್ಮಲ್ಲಿ ಕತ್ತಿ ಎಂದರೆ ಆ ಬಳಕೆ ಸತ್ತಿದೆ, ಯಾರ ಬಾಯಲ್ಲೂ ಉಳಿದಿಲ್ಲ ಎಂದು. ಬಿಯರ್‌ಗೆ ಹಾಕುವ ಹಾಪ್ ಹೂವು ಒಣಗಿಸುವ ನಮ್ಮ ಗೂಡಿನಲ್ಲಿ ಅಮ್ಮ, ಕೆಂಡ ಹೊರಗೆಳೆಯಲು, 'ಉಸಿರು ತಿರುಗಿತು, ಬೆಂಕಿ ಎಳೆ' ಎಂದು ಕೂಗುತ್ತಿದ್ದಳಲ್ಲವೇ? ವಾಸನೆ ಬದಲಾದದ್ದಕ್ಕೇ ಹಾಗೆ ಅನ್ನುತ್ತಿದ್ದದ್ದು? ಇಲ್ಲಾ, ಇಷ್ಟು ವರ್ಷ ಆದ ಮೇಲೆ ನಾನೇ ಕಟ್ಟಿಕೊಂಡ ನೆನಪೋ? ಬೇರೆ ಯಾರಾದರೂ ಹಾಗೆ ಅನ್ನುತ್ತಾರೋ, ಅದನ್ನೂ ಕೇಳಿ ಬರೆ.

ನಿನ್ನ ಅಕ್ಕ,
ಹೆಸ್ಟರ್


ಗೂಡಿನ ಮನೆ, ಆಶ್‌ಬ್ರೂಕ್
ಹೆರೆಫರ್ಡ್‌ಶೈರ್
14 ಫೆಬ್ರುವರಿ

ಪ್ರಿಯ ಹೆಸ್ಟರ್,

ಒಂದು ಪದಕ್ಕೆ ಇಷ್ಟೊಂದು ನೆಂಟರಿಷ್ಟರಿದ್ದಾರೆಂದು ತಿಳಿದು ಸಂತೋಷ. ನಮಗಿರುವ ಒಬ್ಬ ನೆಂಟಳು ಹಬ್ಬಕ್ಕೂ ಬರುವುದಿಲ್ಲ.

ನಿನ್ನ ಕಾಗದ ಬಂದಾಗ ಅವ್ವ ಒಲೆಯ ಮುಂದೆ ಆಲೂಗಡ್ಡೆ ಸುಲಿಯುತ್ತಿದ್ದಳು. ಓದಿ ಹೇಳಿದೆ. ಆತ್ಮದ ಭಾಗ ಬಿಟ್ಟೆ, ಪಾದ್ರಿಗಳಿಗೆ ತಿಳಿದರೆ ಕಷ್ಟ.

"ಏನು ಬೇಕಂತೆ ಅವಳಿಗೆ?"

"ಗೂಡಲ್ಲಿ ಬರೋ ವಾಸನೆಗೆ ನೀನು ಉಸಿರು ಅಂತೀಯಾ ಅಂತ ಕೇಳ್ತಾಳೆ."

"ಇನ್ನೇನಂತಾರೆ ಅದಕ್ಕೆ?"

"ವಾಸನೆ ಅಂತಾರೆ."

"ವಾಸನೆ ಬರೋದು ಹಂದಿದೊಡ್ಡೀಲಿ. ಹಾಪ್‌ಗೆ ಇರೋದು ಉಸಿರು. ಅವಳೇ ಅಂತಿದ್ಲಲ್ಲೋ, ಇಷ್ಟುದ್ದ ಇದ್ದಾಗ, ಗೋಣಿಚೀಲದ ಮೇಲೆ ಬಿದ್ಕೊಂಡು. 'ಅವ್ವಾ, ಉಸಿರು ಸಿಹಿ ಆಯ್ತು' ಅಂತ. ನನಗಿಂತ ಮುಂಚೆ ಅವಳಿಗೇ ಗೊತ್ತಾಗ್ತಿತ್ತು. ಎಲ್ಲಾ ಮರ್ತಳಾ?"

ಆಮೇಲೆ ಆಲೂಗಡ್ಡೆ ಸುಲಿಯುತ್ತಲೇ ಹೋದಳು. ನಾವಿಬ್ಬರು ತಿನ್ನುವುದಕ್ಕೆ ಬೇಕಾದದ್ದರ ಮೂರು ಪಟ್ಟು ಸುಲಿದಳು. ಬೇರೆ ಯಾರಾದರೂ ಹಾಗೆ ಅನ್ನುತ್ತಾರೋ ಎಂದು ಕೇಳಿದ್ದೀಯ. ಮೊದಲು ಇಡೀ ಕಣಿವೆ ಅನ್ನುತ್ತಿತ್ತು. ಈಗ ಅವ್ವ, ಮತ್ತೆ ಅವ್ವನಿಗೆ ಹೆದರುವ ಒಂದಿಬ್ಬರು.

ಇನ್ನೊಂದು ಸಂಗತಿ. ಕಳೆದ ಸೆಪ್ಟೆಂಬರಿನಲ್ಲಿ ಗೂಡಿನ ಅಟ್ಟದ ಮೇಲೆ ಹರಡಿದ್ದ ಒಂದು ಹರವು ಹಾಪ್ ಪೂರ್ತಿ ಕಂದಿಹೋಯಿತು. ಅಪ್ಪ ಹೋದ ಮೇಲೆ ಅವ್ವ ಗೂಡು ಕಾಯಲು ಶುರುಮಾಡಿದಂದಿನಿಂದ ಹೀಗಾಗಿರಲಿಲ್ಲ. ಹೊಲದ ಯಜಮಾನರಾದ ಬೌಂಡ್ಸ್ ಮುಖ ಗಂಟು ಹಾಕಿಕೊಂಡು ಹೋದರು. ಕಲ್ಲಿದ್ದಲು ಕೆಟ್ಟದ್ದಿತ್ತು ಎಂದಳು ಅವ್ವ. ಕಲ್ಲಿದ್ದಲು ತಂದವನು ನಾನು, ಯಾವಾಗಲೂ ತರುವಲ್ಲಿಂದಲೇ ತಂದದ್ದು. ಮೊನ್ನೆ ಹಾಲು ಸೀದು ಪಾತ್ರೆ ಕರ್ರಗಾಯಿತು. ಅವಳು ಪಕ್ಕದಲ್ಲೇ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ನನಗಂತೂ ಚಿಕ್ಕವನಿದ್ದಾಗ ಕುದುರೆ ಒದ್ದು ಮೂಗು ಮುರಿದ ಮೇಲೆ ಗುಲಾಬಿಯೂ ಒಂದೇ ಗೊಬ್ಬರವೂ ಒಂದೇ. ಹೊಗೆ ಕಣ್ಣಿಗೆ ಬಿದ್ದಾಗಲೇ ಗೊತ್ತಾದದ್ದು.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಅಪ್ಪಣೆ ಇಲ್ಲ.

ನಿನ್ನ ಮೂಗಿಲ್ಲದ ತಮ್ಮ,
ಅಮೋಸ್


ಶಬ್ದಕೋಶ ಕಚೇರಿ
2 ಮಾರ್ಚ್

ಪ್ರಿಯ ಅಮೋಸ್,

ನಿನ್ನ ಕಾಗದ ನನಗೆ ಎಷ್ಟು ಉಪಯೋಗವಾಯಿತೆಂದರೆ, ಅಮ್ಮನ ಮಾತನ್ನು ಹಾಗೆಯೇ ಒಂದು ಚೀಟಿಗೆ ಇಳಿಸಿ ಡಾ. ಸೆಲ್ವಿನ್ ಅವರ ಮುಂದಿಟ್ಟೆ. ಅವರು ನಮ್ಮ ಸಂಪಾದಕರು, ಮೆದು ಮಾತಿನವರು, ಇಲ್ಲ ಅನ್ನುವಾಗ ಮಾತ್ರ ನಗುತ್ತಾರೆ. ನಕ್ಕರು. ನಮ್ಮಲ್ಲಿ ಅಚ್ಚಾದ ಮಾತಿಗೆ ಮಾತ್ರ ಬೆಲೆ. ಪುಸ್ತಕದಲ್ಲೋ ಪತ್ರಿಕೆಯಲ್ಲೋ ಯಾರಾದರೂ ಬರೆದು ಅಚ್ಚಾಗಿರಬೇಕು. ಬಾಯಿಮಾತನ್ನು ನಂಬಿದರೆ ಪ್ರತಿಯೊಬ್ಬರ ಅಜ್ಜಿಯೂ ಒಂದೊಂದು ಪುಟ ಕೇಳುತ್ತಾಳೆ ಎಂದರು. ಅವರು ಹೇಳುವುದೂ ಸರಿಯೇ. ಈ ಪುಟ ಅಚ್ಚಿಗೆ ಹೋಗುವುದು ಅಕ್ಟೋಬರಿನಲ್ಲಿ. ಅಷ್ಟರೊಳಗೆ ಅಚ್ಚಾದ ಸಾಕ್ಷಿ ಸಿಗದಿದ್ದರೆ ಕತ್ತಿ ಇದ್ದಲ್ಲೇ ಇರುತ್ತದೆ.

ಕಲ್ಲಿದ್ದಲಿನ ವಿಷಯ: ಬೌಂಡ್ಸ್ ಅವರಿಗೆ ಹೇಳಿ ಬೇರೆ ಕಡೆಯಿಂದ ತರಿಸು. ಹಾಲು ಸೀದದ್ದಕ್ಕೆ ನೀನು ಇಷ್ಟು ಗಾಬರಿಯಾಗಬೇಕಿಲ್ಲ, ಅಮ್ಮನಿಗೆ ಎಪ್ಪತ್ತಾಯಿತು, ಮರೆವು ಸಹಜ. ಕನ್ನಡಕ ಬದಲಾಯಿಸಿ ಎಷ್ಟು ದಿನವಾಯಿತು? ನಾನು ಈ ಕಾಗದದ ಜೊತೆಗೇ ಒಂದು ಒಳ್ಳೆಯ ಉಷ್ಣಮಾಪಕ ಕಳಿಸುತ್ತಿದ್ದೇನೆ. ಈಗ ಎಲ್ಲ ಗೂಡುಗಳಲ್ಲೂ ಇಟ್ಟಿರುತ್ತಾರಂತೆ. ಅಮ್ಮ ಅದನ್ನು ನೋಡಿಕೊಂಡು ಬೆಂಕಿ ಹಾಕಿದರೆ ಮೂಗನ್ನೇ ನಂಬಿ ಕೂರಬೇಕಿಲ್ಲ.

ನಿನ್ನ,
ಹೆಸ್ಟರ್


ಆಶ್‌ಬ್ರೂಕ್
10 ಮೇ

ಪ್ರಿಯ ಹೆಸ್ಟರ್,

ಉಷ್ಣಮಾಪಕ ಒಡೆಯದೆ ತಲುಪಿತು. ಅವ್ವ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. "ಇದು ಅವಳೇ ಆರಿಸಿದ್ದಾ?" ಎಂದು ಕೇಳಿದಳು. ಹೌದು ಎಂದೆ. ತೆಗೆದುಕೊಂಡು ಹೋಗಿ ಕೋಳಿಗೂಡಿಗೆ ನೇತುಹಾಕಿದಳು. ಕೋಳಿಗಳು ಈಗ ನಮಗಿಂತ ಹೆಚ್ಚು ತಿಳಿದುಕೊಂಡಿವೆ.

ಇನ್ನು ನಿನ್ನ ಅಚ್ಚಿನ ಸಾಕ್ಷಿ. ಅಷ್ಟೇ ತಾನೇ? ಮೊದಲೇ ಹೇಳಬಾರದಿತ್ತೇ? ನಮ್ಮ ಕಣಿವೆಯ ವಾರಪತ್ರಿಕೆಗೆ ನಾನೊಂದು ಕಾಗದ ಬರೆದೆ. ತುಣುಕು ಇದರ ಜೊತೆಗಿದೆ. 'ಆಶ್‌ಬ್ರೂಕಿನ ಶ್ರೀಮತಿ ಕೆಜಾಯಾ ಗ್ವಿಲಿಯಮ್ ಅವರ ಗೂಡಿನ ಉಸಿರು ಸೆಪ್ಟೆಂಬರಿನಲ್ಲಿ ಎರಡು ಮೈಲಿ ದೂರಕ್ಕೆ ಬರುತ್ತದೆ' ಎಂದು ಅಚ್ಚಾಗಿದೆ ನೋಡು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹೆಂಡದಂಗಡಿಯಲ್ಲಿ ವಿಷಯ ತಿಳಿದು ಎಲ್ಲರಿಗೂ ನಿನ್ನ ಶಬ್ದಕೋಶಕ್ಕೆ ಸಹಾಯ ಮಾಡುವ ಹುಮ್ಮಸ್ಸು ಬಂತು. ಮುಂದಿನ ವಾರ ಕಮ್ಮಾರ ತನ್ನ ಹೆಂಡತಿಯ ಮೊಲದ ಸಾರಿನ ಉಸಿರಿನ ಬಗ್ಗೆ ಬರೆದ. ಅದರ ಮುಂದಿನ ವಾರ ಅವನ ಹೆಂಡತಿ ಅವನ ಬೂಟುಗಳ ಉಸಿರಿನ ಬಗ್ಗೆ ಬರೆದಳು. ಪಾದ್ರಿಗಳು ಚರ್ಚಿನ ಲಿಲಿ ಹೂವಿನ ಉಸಿರು ಎಂದು ಬರೆದರು. ಎಲ್ಲವನ್ನೂ ಕತ್ತರಿಸಿ ಕಳಿಸಿದ್ದೇನೆ. ಬೂಟಿನದ್ದು ಬೇಡವಾದರೆ ಬಿಡು.

ಅವ್ವನಿಗೆ ಒಂದೊಂದನ್ನೂ ಓದಿ ಹೇಳಿದೆ. ಎಷ್ಟೋ ತಿಂಗಳ ಮೇಲೆ ನಕ್ಕಳು. "ಅವಳ ಪುಸ್ತಕದಲ್ಲಿ ಬರುತ್ತೇನೋ ನಿಜವಾಗ್ಲೂ?" ಎಂದು ಎರಡು ಸಲ ಕೇಳಿದಳು.

ಅಮೋಸ್


ಶಬ್ದಕೋಶ ಕಚೇರಿ
19 ಮೇ

ಅಮೋಸ್,

ನೀನು ಏನು ಮಾಡಿದ್ದೀಯ ಎಂದು ನಿನಗೆ ಗೊತ್ತಿದೆಯೇ? ಇದು ಸಾಕ್ಷಿ ಅಲ್ಲ, ಹೇಳಿಸಿದ ಸಾಕ್ಷಿ. ಶಬ್ದಕೋಶಕ್ಕೆಂದೇ ಬರೆದದ್ದು ಶಬ್ದಕೋಶಕ್ಕೆ ಬರುವಂತಿಲ್ಲ. ನ್ಯಾಯಾಲಯದಲ್ಲಿ ಇಡೀ ಊರು ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದರೆ ಯಾರು ನಂಬುತ್ತಾರೆ? ಕಚೇರಿಯ ಟಪಾಲಿನ ಜೊತೆ ನಿನ್ನ ಲಕೋಟೆಯನ್ನೂ ಎಲ್ಲರೆದುರು ಒಡೆದರು. ಬೂಟಿನ ತುಣುಕನ್ನು ಒಬ್ಬರು ಗಟ್ಟಿಯಾಗಿ ಓದಿದರು, ನಮ್ಮೂರಿನ ರಾಗದಲ್ಲಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಲ್ಲಿಗೆ ಬಂದ ಮೊದಲ ವರ್ಷ ನಾನು ಬಾಯಿ ಬಿಟ್ಟರೆ ಜನ ತಿರುಗಿ ನೋಡುತ್ತಿದ್ದರು. ಆ ರಾಗವನ್ನು ನಾಲಗೆಯಿಂದ ಕೆರೆದು ಹಾಕಲು ನನಗೆ ಎಷ್ಟು ಕಾಲ ಹಿಡಿಯಿತೆಂದು ನಿಮಗೆ ಯಾರಿಗೂ ಗೊತ್ತಿಲ್ಲ. ನೀನು ಅದನ್ನು ಮೂರು ಪೆನ್ನಿಯ ಅಂಚೆಯಲ್ಲಿ ಮತ್ತೆ ನನ್ನ ಮೇಜಿನ ಮೇಲೆ ತಂದಿಟ್ಟೆ.

ಪುಟದ ಕರಡಚ್ಚು ಕಳಿಸಿದ್ದೇನೆ. ಕತ್ತಿ ಹಾಗೆಯೇ ಇದೆ. ಅಮ್ಮನಿಗೆ ತೋರಿಸಿ, ನಿಯಮ ಎಂದರೆ ನಿಯಮ ಎಂದು ಹೇಳು.

ಹೆಸ್ಟರ್


ಆಶ್‌ಬ್ರೂಕ್
30 ಮೇ

ಹೆಸ್ಟರ್,

ಕರಡಚ್ಚು ತೋರಿಸಿದೆ. ಅವ್ವನಿಗೆ ಅಕ್ಷರ ಬರುವುದಿಲ್ಲ. ಆದರೆ ಆ ಗುರುತು ಕಣ್ಣಿಗೆ ಬಿತ್ತು. ಬೆರಳಿಟ್ಟಳು.

"ಇದೇನೋ?"

"ಕತ್ತಿ."

"ಯಾಕೆ ಹಾಕಿದ್ದಾಳೆ?"

"ಸತ್ತಿದೆ ಅಂತ."

ಬೆರಳು ತೆಗೆಯಲಿಲ್ಲ. "ಅವಳಿಗೆ ಯಾರು ಹೇಳಿದ್ರು?" ಎಂದು ಕೇಳಿದಳು.

ಆಗ ನನಗೆ ಸಾಕಾಯಿತು. ಅವ್ವ ಹಾಕಿದ್ದ ಆಣೆ ಮುರಿಯುತ್ತಿದ್ದೇನೆ. ಕಳೆದ ವರ್ಷ ಜನವರಿಯ ಚಳಿಯಲ್ಲಿ ಜ್ವರ ಬಂದು ಹೋದ ಮೇಲೆ ಅವ್ವನಿಗೆ ಮೂಗು ಹೋಗಿದೆ. ಸೀದ ಹಾಲು, ಗೂಡಿನ ಬೆಂಕಿಗೆ ಹಾಕುವ ಗಂಧಕ, ಸೇಬಿನ ಸೈಡರ್, ಯಾವುದರ ವಾಸನೆಯೂ ತಿಳಿಯುವುದಿಲ್ಲ. ವೈದ್ಯರು ವಾಪಸು ಬರುವುದಿಲ್ಲ ಎಂದಿದ್ದಾರೆ. ಸೆಪ್ಟೆಂಬರಿನಲ್ಲಿ ಗೂಡಿನೊಳಗೆ ಕೂತು ಎಲ್ಲ ತಿಳಿಯುತ್ತಿರುವ ಹಾಗೆ ನಟಿಸಿದಳು. ಲೆಕ್ಕಾಚಾರದಲ್ಲಿ, ಕೈಯ ಅಂದಾಜಿನಲ್ಲಿ ಉಳಿದ ಹರವುಗಳನ್ನು ದಾಟಿಸಿದಳು. ಒಂದು ತಪ್ಪಿತು. ನೀನು ಮೂಗನ್ನೇ ನಂಬಬೇಡ ಎಂದು ಉಷ್ಣಮಾಪಕ ಕಳಿಸಿದೆ.

ಬೌಂಡ್ಸ್ ಕೆಟ್ಟವರಲ್ಲ. ಈ ವರ್ಷ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಮತ್ತೆ ಒಂದು ಹರವು ಹಾಳಾದರೂ ಎಣ್ಣೆಯ ಒಲೆ ಬರುತ್ತದೆ, ಅದನ್ನು ನಡೆಸಲು ಬೇರೆಯವನು ಬರುತ್ತಾನೆ. ಗೂಡಿನ ಮನೆ ಗೂಡು ಕಾಯುವವರಿಗೆ ಸೇರಿದ್ದು, ನಿನಗೆ ಗೊತ್ತು. ನಾನು ಎಲ್ಲಿ ಬೇಕಾದರೂ ಮಲಗುತ್ತೇನೆ. ಅವಳು ಆ ಗೂಡಿನ ಗೋಡೆ ಕಾಣದ ಕಡೆ ಒಂದು ಚಳಿಗಾಲ ಬದುಕುವುದಿಲ್ಲ.

ಆ ಮಾತು ಅಚ್ಚಿನಲ್ಲಿ ಬಂದರೆ ಅವಳಿಗೆ ಏನೋ ಒಂದು ಉಳಿದ ಹಾಗೆ ಆಗುತ್ತದೆ ಎಂದುಕೊಂಡು ಆ ಕೋತಿಯಾಟ ಆಡಿದೆ. ನಿನಗೆ ನಾಚಿಕೆಯಾಗುತ್ತದೆಂದು ಹೊಳೆಯಲಿಲ್ಲ.

ಅವ್ವ ನಿನ್ನನ್ನು ಕರೆಯುವುದಿಲ್ಲ. ನಾನೂ ಕರೆಯುತ್ತಿಲ್ಲ. ಹಾಪ್ ಕೀಳುವುದು ಸೆಪ್ಟೆಂಬರ್ ಮೊದಲಿಗೆ ಶುರುವಾಗುತ್ತದೆ.

ಅಮೋಸ್


27 ಆಗಸ್ಟ್

ಪ್ರಿಯ ಅಮೋಸ್,

ಜೂನಿನಿಂದ ನಿನಗೆ ಬರೆದು ಹರಿದದ್ದು ಒಂದು ಬುಟ್ಟಿಯಷ್ಟಿದೆ. ಒಂದರಲ್ಲಿ ಕ್ಷಮೆ ಕೇಳಿದ್ದೆ, ಒಂದರಲ್ಲಿ ನಿನ್ನ ಮೇಲೆಯೇ ಎಗರಿದ್ದೆ, ಮೊದಲೇ ಯಾಕೆ ಹೇಳಲಿಲ್ಲವೆಂದು. ನೀನು ಹೇಳಿದ್ದೆ. ನಾನೇ ಕನ್ನಡಕ ಎಂದು ಓದಿಕೊಂಡೆ.

ನನಗೆ ಭಯವಾಗುತ್ತಿದೆ. ನನ್ನ ಮೂಗು ಇಷ್ಟು ವರ್ಷ ಅಂಟು, ಕಾಗದ, ಶಾಯಿ ಬಿಟ್ಟು ಬೇರೇನನ್ನೂ ಕಂಡಿಲ್ಲ. ಒಂದು ಹರವು ನನ್ನಿಂದಲೇ ಹಾಳಾದರೆ?

ಶನಿವಾರದ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ತಿಂಗಳು ರಜೆ ಹಾಕಿದ್ದೇನೆ, ಎದೆಗೆ ಊರಿನ ಗಾಳಿ ಬೇಕೆಂದು ಹೇಳಿ. ಅಮ್ಮನಿಗೂ ಅದನ್ನೇ ಹೇಳು. ನಿನ್ನ ಕೊನೆಯ ಕಾಗದ ನನಗೆ ತಲುಪಲೇ ಇಲ್ಲ ಎಂದುಕೋ.

ಹೆಸ್ಟರ್


ಶಬ್ದಕೋಶ ಕಚೇರಿ
10 ಅಕ್ಟೋಬರ್

ಪ್ರಿಯ ಅಮೋಸ್,

ರೈಲು ಹೊರಡುವಾಗ ಕಿಟಕಿಯ ಹತ್ತಿರ ಓಡಿಬಂದು, "ಆವತ್ತು ಒಳಗೆ ಏನಾಯ್ತು ಹೇಳೇ" ಎಂದು ನೀನು ಕೇಳಿದೆ. ಹೇಳಲು ಹೋದರೆ ಅಳು ಬರುವ ಹಾಗಿತ್ತು, ಎದುರಿನ ಸೀಟಿನಲ್ಲಿ ಒಬ್ಬ ಸೈನಿಕ ಬೇರೆ ಕೂತಿದ್ದ. ಈಗ ಬರೆಯುತ್ತೇನೆ.

ಮೊದಲ ದಿನ ಬೆಳಿಗ್ಗೆ ನಾನು ಗೂಡಿನ ಮೆಟ್ಟಿಲು ಹತ್ತಿ ಒಳಗೆ ಹೋದಾಗ ಅವ್ವ ನನ್ನನ್ನು ನೋಡಲಿಲ್ಲ. ಗೋಣಿಚೀಲ ಹಾಸಿದ್ದ ಜಾಗ ತೋರಿಸಿದಳು, ಕೂರು ಅಂತ. ಯಾಕೆ ಬಂದೆ ಎಂದು ಕೇಳಲಿಲ್ಲ. ಕೆಳಗೆ ಬೆಂಕಿ, ತಲೆಯ ಮಟ್ಟಕ್ಕೆ ಅಟ್ಟ, ಕುದುರೆಕೂದಲಿನ ಬಟ್ಟೆಯ ಮೇಲೆ ಹಸಿ ಹಾಪ್. ಹಬೆ ಏಳತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕ ಹುಡುಗಿಗೆ ಪಾಠ ಒಪ್ಪಿಸಲು ಹೇಳುವ ಧಾಟಿಯಲ್ಲಿ ಕೇಳಿದಳು:

"ಉಸಿರು ಹೆಂಗಿದೆ?"

"ಸ್ವಲ್ಪ ಕಟುವಾಗಿದೆ."

"ಕಟು ಅಂದ್ರೆ? ಈರುಳ್ಳಿ ಕಟುವಾ, ನಿನ್ನ ತಮ್ಮನ ಬೂಟಿನ ಕಟುವಾ?"

ವಾಸನೆಗೆ ಪುಸ್ತಕದ ಭಾಷೆಯಲ್ಲಿರುವ ಪದಗಳನ್ನೆಲ್ಲ ನಾನು ಬಲ್ಲೆ, ಎಷ್ಟೋ ಪದಗಳಿಗೆ ಅರ್ಥ ಬರೆದದ್ದೂ ನಾನೇ. ಒಂದೂ ಗೂಡಿನಲ್ಲಿ ಕೆಲಸಕ್ಕೆ ಬರಲಿಲ್ಲ. "ಮಾಸ್ತರರ ಥರ ಮಾತಾಡ್ಬೇಡ, ಮೂಗಿಗೆ ಏನು ಬಂತು ಅದನ್ನ ಹೇಳು" ಎಂದು ಬೈದಳು. ನಾಲ್ಕೈದು ದಿನ ಬೈಸಿಕೊಂಡ ಮೇಲೆ ಬಾಯಿ ತಿರುಗಿತು. ಕಿತ್ತ ಬೆಳ್ಳುಳ್ಳಿ ಎಂದೆ. ನೆನೆದ ಹುಲ್ಲು ಎಂದೆ. ಸೇಬಿನ ಸಿಪ್ಪೆ, ಮೇಲಿನ ಸಿಪ್ಪೆ ಮಾತ್ರ, ತಿರುಳಲ್ಲ ಎಂದೆ. ಅದಕ್ಕೆ ಅವಳು ತಲೆಯಾಡಿಸಿ, "ಹಂಗಾದ್ರೆ ಇನ್ನೂ ಎರಡು ಗಂಟೆ" ಎನ್ನುವಳು. ಮೂಗು ನನ್ನದು, ತೀರ್ಪು ಅವಳದು. ಮೂಗಿಲ್ಲವೆಂದು ಅವಳೂ ಹೇಳಲಿಲ್ಲ, ಗೊತ್ತೆಂದು ನಾನೂ ಹೇಳಲಿಲ್ಲ. ನನಗೆ ಪಾಠ ಕಲಿಸುತ್ತಿದ್ದೇನೆ ಎನ್ನುವ ಹಾಗೆ ಅವಳಿದ್ದಳು, ಕಲಿಯುತ್ತಿದ್ದೇನೆ ಎನ್ನುವ ಹಾಗೆ ನಾನಿದ್ದೆ. ನಿಜ ಹೇಳಬೇಕೆಂದರೆ ಎರಡೂ ಸುಳ್ಳಲ್ಲ.

ನೀನು ಯಾವುದರ ಬಗ್ಗೆ ಕೇಳಿದೆಯೋ ಆ ದಿನ ಬೌಂಡ್ಸ್ ಒಬ್ಬ ವ್ಯಾಪಾರಿಯನ್ನು ಕರೆದುಕೊಂಡು ನಡು ಮಧ್ಯಾಹ್ನ ಗೂಡಿನೊಳಗೆ ಬಂದಿದ್ದರು. ಅಂದು ಒಣಗುತ್ತಿದ್ದದ್ದು ಹೊಲದ ಮೇಲುಗಡೆಯ ಒಳ್ಳೆಯ ಹಾಪ್. ಅವ್ವ ಅವರಿಗೆ, "ಇನ್ನೊಂದು ಗಂಟೆ ಬೇಕು, ಹೋಗಿ ಸೈಡರ್ ಕುಡಿದು ಬನ್ನಿ" ಎಂದಳು. ಅವಳ ಲೆಕ್ಕ ಸರಿಯೇ ಇತ್ತು. ಆದರೆ ಸ್ವಲ್ಪ ಮುಂಚೆ ಗಾಳಿ ದಿಕ್ಕು ಬದಲಾಗಿ ಕೆಳಗೆ ಬೆಂಕಿ ಜೋರಾಗಿತ್ತು. ಒಳಗಿದ್ದ ನಮಗೆ ಅದು ತಿಳಿದಿರಲಿಲ್ಲ. ನನ್ನ ಮೂಗಿಗೆ ಇದ್ದಕ್ಕಿದ್ದ ಹಾಗೆ ಜೇನು ಬಂತು. ಜೇನಿನ ಹಿಂದೆ, ತೀರ ಹಿಂದೆ, ಕಾದ ಇಸ್ತ್ರಿಪೆಟ್ಟಿಗೆ.

ಹೇಳಿದರೆ ಅವಳ ಮಾತನ್ನು ಯಜಮಾನರ ಮುಂದೆ ನಾನು ಅಲ್ಲಗಳೆದಂತೆ. ಹೇಳದಿದ್ದರೆ ಹರವು ಹೋಗುತ್ತದೆ. ಮೆಲ್ಲಗೆ ಅವಳ ತೋಳು ಮುಟ್ಟಿ, ಒಳ್ಳೆಯ ಇಂಗ್ಲಿಷಿನಲ್ಲಿ ಏನೋ ಒಂದು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ಅವ್ವಾ, ಉಸಿರು ತಿರುಗಿತು."

ನಮ್ಮೂರಿನ ರಾಗದಲ್ಲಿ, ಹೊಲಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ. ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ಬಂದ ಮೇಲೆ ಅದೇ ಮೊದಲ ಸಲ ನೇರವಾಗಿ ನೋಡಿದ್ದು. ಬೌಂಡ್ಸ್, "ಒಂದು ಗಂಟೆ ಅಂದ್ರಲ್ಲ ಅಮ್ಮ?" ಎಂದರು. ಅವ್ವ ಮೆಟ್ಟಿಲ ಕಡೆ ಬಗ್ಗಿದಳು. "ಬೆಂಕಿ ಎಳೀರೋ" ಎಂದು ಕೆಳಗಿನವರಿಗೆ ಕೂಗಿದಳು. "ಕೇಳಿಸ್ಲಿಲ್ವಾ? ನನ್ನ ಮಗಳು ಹೇಳಿದ್ಲಲ್ಲ, ಎಳೀರಿ."

ಹಾಪ್ ಹೊರಗೆ ಬಂದಾಗ ಹೇಗಿತ್ತೆಂದು ನೀನೇ ನೋಡಿದೆ. ವ್ಯಾಪಾರಿ ಅಂಗೈಯಲ್ಲಿ ಉಜ್ಜಿ, ಮೂಗು ಅದರೊಳಗೆ ಇಟ್ಟವನು ತೆಗೆಯಲೇ ಇಲ್ಲ. ಬೌಂಡ್ಸ್ ಟೋಪಿ ತೆಗೆದು, "ಮುಂದಿನ ವರ್ಷಕ್ಕೂ ಗೂಡು ನಿಮ್ಮದೇ" ಎಂದದ್ದನ್ನು ನೀನು ಕೇಳಿದೆ. ನೀನು ಕೇಳದೇ ಇದ್ದದ್ದು ಆಮೇಲಿನದು. ಅವರೆಲ್ಲ ಹೋದ ಮೇಲೆ ಅವ್ವ ಒಂದು ಹಾಪ್ ಹೂವು ಎತ್ತಿ ಮೂಗಿಗೆ ಹಿಡಿದಳು. ತುಂಬ ಹೊತ್ತು ಹಿಡಿದಳು. "ಏನೂ ಬರಲ್ಲ ಕಣೆ," ಎಂದಳು. "ಬಾಗಿಲು ಮುಚ್ಚಿದ ಮನೆ ಮುಂದೆ ನಿಂತಂಗೆ." ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು, ಚೆನ್ನಾಗಿ ಅತ್ತೆವು. ಆಮೇಲೆ ಅವಳು ನನ್ನ ಕೋಟಿನ ತೋಳಿಗೇ ಮುಖ ಒರೆಸಿಕೊಂಡು, ಮುಂದಿನ ಹರವು ಹಾಕಿಸು ಎಂದಳು.

ಕೊನೆಯ ದಿನದ, ಕಿತ್ತ ಹಾಪ್ ಸುರಿಯುವ ಗೋಣಿತೊಟ್ಟಿಲಿನ ವಿಷಯಕ್ಕೆ ನಾನು ನಿನ್ನನ್ನು ಕ್ಷಮಿಸಿಲ್ಲ. ಮದುವೆಯಾಗದ ಹುಡುಗಿಯರನ್ನು ಹಾಪ್ ತುಂಬಿದ ತೊಟ್ಟಿಲಿಗೆ ಎತ್ತಿಹಾಕುವುದು ಪದ್ಧತಿ, ಸರಿ. ನಲವತ್ತು ದಾಟಿ, ರೈಲಿಗೆ ಹೊರಟು ಕಚೇರಿಯ ಕೋಟು ಹಾಕಿಕೊಂಡು ನಿಂತವಳು ಹುಡುಗಿಯೇನು? ಹಾಪ್ ಕೀಳಲು ಬಂದ ಆ ವೇಲ್ಸಿನ ಹೆಂಗಸರಿಗೆ ನನ್ನ ಕಾಲು ಹಿಡಿಯಲು ಹೇಳಿಕೊಟ್ಟವನು ನೀನೇ ಎಂದು ನನಗೆ ಗೊತ್ತು. ಅವ್ವ ಬಾಗಿಲಲ್ಲಿ ನಿಂತು, "ಇನ್ನೂ ಒಳಗೆ ಒತ್ರಿ, ತಲೆ ಕಾಣ್ತಿದೆ" ಎಂದು ಹೇಳಿದ್ದನ್ನೂ ಕೇಳಿಸಿಕೊಂಡೆ.

ಆ ಕೋಟನ್ನೇ ಹಾಕಿಕೊಂಡು ಸೋಮವಾರ ಕೆಲಸಕ್ಕೆ ಹೋದೆ. ಡಾ. ಸೆಲ್ವಿನ್ ನನ್ನ ಮೇಜಿನ ಹತ್ತಿರ ಬಂದು ನಿಂತು, ಗಾಳಿ ಮೂಸಿ, ಕಿಟಕಿ ನೋಡಿದರು, ಕೋಟು ನೋಡಿದರು. "ಏನದು, ಮಿಸ್ ಗ್ವಿಲಿಯಮ್?" ಎಂದು ಕೇಳಿದರು. ನಾನು ಚೀಟಿಯಿಂದ ತಲೆ ಎತ್ತದೆಯೇ ಹೇಳಿದೆ: "ಏನಿಲ್ಲ ಸರ್, ಗೂಡಿನ ಉಸಿರು." ಹೇಳಿ ಆದ ಮೇಲೆ ತಿಳಿಯಿತು, ಹೇಳಿದ್ದು ಊರಿನ ರಾಗದಲ್ಲಿ. ಈ ಸಲ ಯಾರೂ ನಗಲಿಲ್ಲ, ನಕ್ಕಿದ್ದರೂ ನನಗೇನೂ ಆಗುತ್ತಿರಲಿಲ್ಲ.

ಅವರು ಕರಡಚ್ಚು ತರಿಸಿದರು. ಬಾಯಿಮಾತು ಸಾಕ್ಷಿಯಲ್ಲ ಎಂದು ಮತ್ತೊಮ್ಮೆ ಹೇಳಿದರು. ಚೀಟಿ ಬರೆಯಲು ಬಿಡಲಿಲ್ಲ. "ಆದರೆ ಈಗತಾನೇ ನನ್ನ ಕಿವಿಗೆ ಬಿದ್ದದ್ದನ್ನು ಸತ್ತಿದೆ ಎಂದು ನಾನು ಅಚ್ಚು ಹಾಕಿಸಲಾರೆ" ಎಂದು ತಾವೇ ಲೇಖನಿ ತೆಗೆದು ಕತ್ತಿಯನ್ನು ಹೊಡೆದುಹಾಕಿದರು. ಪಕ್ಕದಲ್ಲಿ, 'ಈಗ ಕೆಲವು ಊರುಗಳಲ್ಲಿ ಮಾತ್ರ' ಎಂದು ಬರೆದರು. ಇದನ್ನು ಅವ್ವನಿಗೆ ಓದಿ ಹೇಳು. ಮೊದಲು ಇದನ್ನೇ ಹೇಳು.

ನಿನ್ನ ಅಕ್ಕ,
ಹೆಸ್ಟರ್


ಆಶ್‌ಬ್ರೂಕ್
17 ಅಕ್ಟೋಬರ್

ಪ್ರಿಯ ಹೆಸ್ಟರ್,

ಮೊದಲು ಅದನ್ನೇ ಓದಿದೆ. ಕತ್ತಿ ಹೋಯಿತು, ನಿನ್ನ ಮಾತು ಬದುಕಿದೆ ಎಂದು ಅಚ್ಚಾಗುತ್ತದೆ ಎಂದೆ. ಪಾದ್ರಿಗಳು ಗಂಟೆ ಬಾರಿಸುತ್ತಾರೇನೋ ಎಂದುಕೊಂಡು ಕಾದೆ. ಅವ್ವ, "ಬದುಕಿದೆ ಅಂತ ನಂಗೆ ಗೊತ್ತಿತ್ತಲ್ಲ" ಎಂದು ಒಲೆಗೆ ಸೌದೆ ಇಟ್ಟಳು. ನಿನ್ನ ಇಪ್ಪತ್ತು ವರ್ಷದ ವಿದ್ಯೆಗೆ ಇಷ್ಟೇ ಬಹುಮಾನ.

ಉಳಿದದ್ದನ್ನು ಓದಿ ಹೇಳುವಾಗ ಎರಡು ಸಲ ಸೌದೆ ತರುವ ನೆಪದಲ್ಲಿ ಎದ್ದು ಹೊರಗೆ ಹೋದೆ. ಇದನ್ನು ಕಮ್ಮಾರನಿಗೆ ಹೇಳಬೇಡ.

ಓದಿ ಮುಗಿದ ಮೇಲೆ ಕಾಗದ ತೆಗೆದುಕೊಂಡು ಮೂಗಿಗೆ ಹಿಡಿದಳು. ಆಮೇಲೆ ನನ್ನ ಕಡೆ ಚಾಚಿದಳು.

"ಇದರ ಉಸಿರು ಹೆಂಗಿದೆ?"

ನಾನು ಮೂಸಿ ನೋಡಿ, "ಶಾಯಿ" ಎಂದೆ.

"ಸುಳ್ಳ. ನಿಂಗೆ ಯಾವಾಗ ಬಂತು ಮೂಗು? ಅವಳನ್ನ ಕೇಳು."

ಕೇಳುತ್ತಿದ್ದೇನೆ. ಮುಂದಿನ ಸೆಪ್ಟೆಂಬರ್ ತುಂಬ ದೂರವಿದೆ. ಅವಳು ಆ ಕಾಗದವನ್ನು ಮಡಿಚಿ ಎದೆಯ ಹತ್ತಿರ ಇಟ್ಟುಕೊಂಡು ಕೂತಿದ್ದಾಳೆ. ನನಗೆ ಬರೆಯಬೇಡ, ಅವಳಿಗೇ ಬರೆ. ನೀನು ಮನೆ ಬಿಟ್ಟಂದಿನಿಂದ ಎಲ್ಲ ಕಾಗದಗಳೂ ನನ್ನ ಹೆಸರಿಗೇ ಬಂದಿವೆ. ಓದಲು ಬರುವುದಿಲ್ಲವೆಂದರೆ ಕಾಗದ ಬೇಡ ಎಂದಲ್ಲ.

ಅಮೋಸ್


20 ಅಕ್ಟೋಬರ್

ಅವ್ವಾ,

ನಿನಗೆ ನಾನು ಬರೆಯುವ ಮೊದಲ ಕಾಗದ ಇದು. ಅಮೋಸ್ ನಿಧಾನವಾಗಿ ಓದಲಿ, ನಡುವೆ ತನ್ನ ಮಾತು ಸೇರಿಸದಿರಲಿ.

ಆ ಕಾಗದದ ಉಸಿರು ಶಾಯಿಯೇ, ಅವನು ಹೇಗೋ ಸರಿಯಾಗಿ ಊಹಿಸಿದ್ದಾನೆ. ಆದರೆ ಯಾವ ಥರದ ಶಾಯಿ ಎಂದು ನೀನು ಕೇಳುತ್ತೀಯ. ಮಳೆಯಲ್ಲಿ ನೆನೆದ ಹಳೆಯ ಮೊಳೆ. ಕಚೇರಿಯ ಬಾಗಿಲು ತೆಗೆದರೆ ಮೊದಲು ಬರುವುದು ಅಂಟು, ಕುದುರೆಯ ಗೊರಸು ಕೆತ್ತುವಾಗ ಬರುತ್ತದಲ್ಲ, ಅದು. ಒಳಗೆ ಹೋದಂತೆ ಹಳೆಯ ಕಾಗದ. ಅದು ಸೇಬಿನ ತೋಟದಲ್ಲಿ ಎಲೆ ಸರಿಸಿದರೆ ಸಿಗುವ ಅಣಬೆಯ ಹಾಗಿದೆ. ಡಾ. ಸೆಲ್ವಿನ್ ಅವರ ಪೈಪು ಸುಟ್ಟ ಸಕ್ಕರೆ, ಅವರ ಕೋಟು ಒದ್ದೆ ಕುರಿ. ನಾನಿರುವ ಮನೆಯ ಮೆಟ್ಟಿಲ ಹತ್ತಿರ ದಿನವೂ ಎಲೆಕೋಸು ಬೇಯಿಸಿದ ಉಸಿರು, ನಿನಗೆ ಇಲ್ಲಿ ಮೂಗಿದ್ದಿದ್ದರೂ ಬೇಡವಾಗುತ್ತಿತ್ತು. ನಿನ್ನೆ ಬೆಳಿಗ್ಗೆ ಬೀದಿಯ ತುದಿಯಲ್ಲಿ ಬ್ರೆಡ್ಡಿನ ಅಂಗಡಿ ದಾಟುವಾಗ ಸುಮ್ಮನೆ ನಿಂತೆ, ನಿನಗೆ ಹೇಳಬೇಕೆಂದು. ತಳ ಸ್ವಲ್ಪ ಹೆಚ್ಚೇ ಬೆಂದಿತ್ತು. ನೀನಾಗಿದ್ದರೆ ಅಷ್ಟು ಹೊತ್ತಿಗೆ ತೆಗೆದಿರುತ್ತಿದ್ದೆ.

ಪ್ರತಿ ಭಾನುವಾರ ಹೀಗೆ ಬರೆಯುತ್ತೇನೆ. ಬೇರೆ ಸುದ್ದಿ ಇಲ್ಲದಿದ್ದರೂ ಇದಂತೂ ಇರುತ್ತದೆ. ಕ್ರಿಸ್‌ಮಸ್‌ಗೆ ನಾನೇ ಬರುತ್ತೇನೆ.

ಕೋಟನ್ನು ಇನ್ನೂ ಒಗೆಯಲು ಹಾಕಿಲ್ಲ. ಇವತ್ತು ಅದರ ಜೇಬಿಗೆ ಕೈಹಾಕಿದರೆ ತೊಟ್ಟಿಲಿನದೊಂದು ಹಾಪ್ ಹೂವು ಸಿಕ್ಕಿತು. ಇದರೊಳಗೆ ಇಟ್ಟಿದ್ದೇನೆ. ಅಮೋಸ್, ಅದನ್ನು ಅವ್ವನ ಅಂಗೈಯಲ್ಲಿ ಇಡು.

ಉಳಿದದ್ದನ್ನೆಲ್ಲ ನಾನು ಹೇಳುತ್ತೇನೆ ಅವ್ವಾ. ಅದರ ಉಸಿರು ಹೇಗಿದೆ ಎಂದು ಮಾತ್ರ ಹೇಳುವುದಿಲ್ಲ. ಅದು ನಿನಗೇ ಗೊತ್ತು.

ನಿನ್ನ,
ಹೆಸ್ಟರ್